ಮೂಗಿನ ಧರೆಪ್ಪನ ಮನೆಯ ಫೆರೆಟ್‌ಗಳು

ನಿಪ್ಪಾಣಿಯಲ್ಲಿ ಧರೆಪ್ಪನ ಮೂಗಿಗೆ ಇದ್ದ ಮರ್ಯಾದೆ ಖುದ್ದು ಧರೆಪ್ಪನಿಗೆ ಇರಲಿಲ್ಲ. ಮನುಷ್ಯ ಮುಂಗೋಪಿ, ಚಹಾ ಕುಡಿಸಿದವರನ್ನು ನೆನಪಿಡುತ್ತಿರಲಿಲ್ಲ, ಮದುವೆಗೆ ಹೋದರೆ ಊಟದಲ್ಲಿ ತಪ್ಪು ಹುಡುಕುತ್ತಿದ್ದ. ಆದರೆ ಒಂದು ಹಿಡಿ ತಂಬಾಕು ಅವನ ಮೂಗಿನ ಮುಂದೆ ಹಿಡಿದರೆ ಸಾಕು: ಇದು ಭೋಜದ ಹೊಲದ್ದು, ಬಾವಿ ನೀರು ಕುಡಿದದ್ದು, ಒಣಗುವಾಗ ಒಮ್ಮೆ ಇಬ್ಬನಿಗೆ ಸಿಕ್ಕದ್ದು ಎಂದು ಜಾತಕ ಹೇಳಿದ ಹಾಗೆ ಹೇಳಿಬಿಡುತ್ತಿದ್ದ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಜ್ಞಾನದೇವ ಶೇಠನ ವಖಾರದಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ತಕ್ಕಡಿಯ ಪಕ್ಕ ಒಂದು ಕುರ್ಚಿ ಇರುತ್ತಿತ್ತು. ನಲವತ್ತು ವರ್ಷದಿಂದ ಅದರಲ್ಲಿ ಧರೆಪ್ಪ ಬಿಟ್ಟು ಬೇರೆ ಯಾರೂ ಕೂತಿರಲಿಲ್ಲ. ಅವನು ಹೇಳಿದ ದರ್ಜೆಯನ್ನು ರೈತನೂ ಒಪ್ಪುತ್ತಿದ್ದ, ಶೇಠನೂ ಒಪ್ಪುತ್ತಿದ್ದ. ಆ ಮೂಗು ಯಾರ ಪಾರ್ಟಿಯದೂ ಅಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಇಂಥವನ ಮನೆಗೆ ಡಿಸೆಂಬರಿನ ಒಂದು ಭಾನುವಾರ ಮಗ ಸಂಜಯ ಕಬ್ಬಿಣದ ಪಂಜರ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದ. ಪಂಜರದಲ್ಲಿ ಎರಡು ಪ್ರಾಣಿಗಳಿದ್ದವು. ಮೈ ಉದ್ದ, ಕಾಲು ಗಿಡ್ಡ, ಮುಖದಲ್ಲಿ ಆಗಲೇ ಏನೋ ಕದ್ದುಬಿಟ್ಟವರ ಕಳೆ.

ಸಂಜಯನಿಗೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ಸ್ವಭಾವ. ಕಾಗಲ್ ಕಡೆಯ ಕಾರ್ಖಾನೆಯ ಸಾಹೇಬನೊಬ್ಬ ವರ್ಗವಾಗಿ ಹೊರಟವನು, ಎಂಟು ದಿನ ಇಟ್ಟುಕೊಳ್ಳಿ ಎಂದು ಇವನ್ನು ಕೊಟ್ಟುಹೋಗಿದ್ದ. ಹತ್ತನೆಯ ದಿನ ಫೋನು ಮಾಡಿದರೆ ಸಾಹೇಬ, ಕಾಗದಪತ್ರ ಎಲ್ಲ ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ನಿಮ್ಮಂಥ ಒಳ್ಳೆಯವರ ಮನೆಯಲ್ಲೇ ಇರಲಿ ಎಂದ. ಒಳ್ಳೆಯವರು ಎನಿಸಿಕೊಂಡ ಮೇಲೆ ಸಂಜಯ, ಆಗಲಿ ಸಾಹೇಬ್ರ, ಎಂದುಬಿಟ್ಟ.

ಅಷ್ಟರಲ್ಲಿ ಅವನ ಮಗಳು ಸೀಮಾ, ಬಿಎಸ್ಸಿ ಎರಡನೆಯ ವರ್ಷದವಳು, ಅವಕ್ಕೆ ಶೇಂಗಾ, ಬೆಲ್ಲ ಎಂದು ಹೆಸರಿಟ್ಟಾಗಿತ್ತು. ಹೆಸರಿಟ್ಟ ಮೇಲೆ ಪ್ರಾಣಿಯನ್ನು ಮನೆಯಿಂದ ಕಳಿಸುವುದು ಕಷ್ಟ. ಇವು ಫೆರೆಟ್, ಪರದೇಶದಲ್ಲಿ ನಾಯಿ ಬೆಕ್ಕಿನ ಹಾಗೆ ಸಾಕುತ್ತಾರೆ ಎಂದು ಅವಳು ಫೋನು ತೋರಿಸಿ ವಿವರಿಸಿದಳು. ಅಜ್ಜಿ ಶಿವಗಂಗವ್ವ ಪೂರ್ತಿ ಕೇಳಿ, ಇದು ಮುಂಗುಸಿ ಎಂದಳು.

“ಆಯಿ, ಮುಂಗುಸಿ ಅಲ್ಲ ಇದು.”

“ಹೊರಗ ಹೋಗುವಾಗ ಮುಂಗುಸಿ ಎದುರ ಬಂದ್ರ ಛಲೋ ಶಕುನಾ ಅಂತಾರ. ಹಾಸಿಗ್ಯಾಗ ಬಂದ್ರ ಏನಂತಾರೋ ನಮ್ಮ ಹಿರ್ಯಾರು ಯಾರೂ ಹೇಳಿಲ್ಲ,” ಎಂದು ಅವಳು ತನ್ನ ಹೊದಿಕೆ ಕೊಡವಿದಳು.

ಆ ಮನೆ ಎಂದರೆ ಎರಡು ಕೋಣೆ, ಒಂದು ಹಾಲ್, ಒಬ್ಬರು ರೊಟ್ಟಿ ಬಡಿಯುತ್ತಿದ್ದರೆ ಇನ್ನೊಬ್ಬರು ಒಳಗೆ ಕಾಲಿಡಲಾಗದ ಅಡಿಗೆಮನೆ. ಅದರಲ್ಲಿ ಈವರೆಗೆ ಮೊಟ್ಟೆ ಕೂಡ ಒಡೆದಿರಲಿಲ್ಲ. ಫೆರೆಟ್‌ಗಳಿಗೋ ಮಾಂಸ ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಇಟ್ಟರೆ ಶೇಂಗಾ ಎಂಬುದು ಮೂಸಿ ನೋಡಿ ಅದರ ಮೇಲೆ ಮಲಗಿತು. ಕೊನೆಗೆ ಕೆಳಗಿನ ಮಹಡಿಯ ಕಮರುನ್ನಿಸಾ ದಾರಿ ಹುಡುಕಿದಳು. ಆಕೆ ಬ್ಲೌಸು ಹೊಲಿಯುವವಳು, ಶಿವಗಂಗವ್ವನ ಹತ್ತು ವರ್ಷದ ಗೆಳತಿ. ನಮ್ಮ ಮನೆಯಲ್ಲಿ ಕೋಳಿ ಕುದಿಯುವುದು ಇದ್ದೇ ಇದೆ, ಎರಡು ತುಂಡು ಉಪ್ಪು ಖಾರ ಇಲ್ಲದೆ ತೆಗೆದಿಡುತ್ತೇನೆ ಎಂದಳು. ಅಲ್ಲಿಂದ ಸೀಮಾ ದಿನಕ್ಕೆರಡು ಸಲ ತರಕಾರಿ ಚೀಲದಲ್ಲಿ ಎರಡನ್ನೂ ಹಾಕಿಕೊಂಡು ಕೆಳಗೆ ಹೋಗಿ ಉಣಿಸಿ ತರತೊಡಗಿದಳು. ಊಟ ಒಂದು ಮನೆಯಲ್ಲಿ, ನಿದ್ದೆ ಇನ್ನೊಂದರಲ್ಲಿ. ಕೆಲವು ಅಳಿಯಂದಿರೂ ಹೀಗೆಯೇ ಬದುಕುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಕಳ್ಳತನಕ್ಕೂ ಅವು ಹಿಂದೆ ಬೀಳಲಿಲ್ಲ. ಸಂಜಯನ ಸ್ಕ್ರೂಡ್ರೈವರು, ಸೊಸೆ ಮನೀಷಾಳ ಕ್ಲಿಪ್ಪು, ಶಿವಗಂಗವ್ವನ ಪೂಜೆಯ ವಿಭೂತಿ ಗಟ್ಟಿ, ಎಲ್ಲವೂ ಕಪಾಟಿನ ಹಿಂದೆ ಸೇರಿದವು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ವಾಸನೆ. ಹಳೆಯ ಬೆವರಿನ ಬಟ್ಟೆಗೆ ಜೇನುತುಪ್ಪ ಸವರಿ ಟ್ರಂಕಿನಲ್ಲಿ ಮುಚ್ಚಿಟ್ಟ ಹಾಗೆ ಅದು. ಪರದೆಗೆ ಹತ್ತಿತು, ಹಾಸಿಗೆಗೆ ಹತ್ತಿತು, ಕೊನೆಗೆ ಜೋಳದ ಹಿಟ್ಟಿನ ಡಬ್ಬಿಗೂ ಹತ್ತಿತು.

ಒಗೆಯುವವಳು ಮನೀಷಾ. ಆಕೆ ಗಡಹಿಂಗ್ಲಜ ಕಡೆಯ ಹೆಣ್ಣು, ಬೆಳಿಗ್ಗೆ ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳಿ, ಮಧ್ಯಾಹ್ನ ಬಂದು ಮನೆಯವರಿಗೆ ಹೇಳುವವಳು. ಶಾಲೆಯಲ್ಲಿ ಪಕ್ಕದ ಟೀಚರು ಕುರ್ಚಿಯನ್ನು ಒಂದು ಮೊಳ ಆಚೆ ಎಳೆದುಕೊಂಡ ದಿನ ಆಕೆಯ ತಾಳ್ಮೆ ಮುಗಿಯಿತು.

“ಆತಾ ಬಾಸ್ ಝಾಲಂ,” ಇನ್ನು ಸಾಕು ಎಂದಳು ಮಗಳಿಗೆ. ಸಿಟ್ಟು ಬಂದರೆ ಆಕೆ ಮರಾಠಿಗೆ ಇಳಿಯುತ್ತಿದ್ದಳು, ಸಿಟ್ಟು ಗಟ್ಟಿಯಾದರೆ ವಾಪಸು ಕನ್ನಡಕ್ಕೆ ಬರುತ್ತಿದ್ದಳು. “ಈ ಚಾದರಾ ಮೂರನೇ ಸಲಾ ಒಗ್ಯಾಕತ್ತೀನಿ. ಒಂದ ಸಲಾನರ ನೀ ಒಗದೀಯೇನು?”

“ಮಮ್ಮಿ, ನಾ ಅವಕ್ಕ ಊಟಾ ಮಾಡಸ್ತೀನಲ್ಲ.”

“ನಿನಗೂ ನಾನ ಊಟಾ ಮಾಡಸ್ತೀನಿ. ಚಾದರಾನೂ ಒಗೀತೀನಿ.”

ಗಂಡನಿಗೆ ಹೇಳಿ ಪ್ರಯೋಜನವಿಲ್ಲ, ಅವನು ತಲೆಯಾಡಿಸಿ ಅಂಗಡಿಗೆ ಹೋಗುವವನು. ಆದರೆ ಮನೀಷಾಳ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಇಡೀ ತಾಲೂಕು ಒಪ್ಪುವ ಮೂಗು ತನ್ನ ಮನೆಯಲ್ಲೇ ಗೋಡೆಗೆ ಒರಗಿ ಕೂತಿರುವಾಗ ತಾನೇಕೆ ಬಾಯಿ ನೋಯಿಸಿಕೊಳ್ಳಬೇಕು. ಮರುದಿನ ಎಲ್ಲರೂ ಊಟಕ್ಕೆ ಕೂತಾಗ, ಝುಣಕ ಬಡಿಸುತ್ತ, ಮಾವನನ್ನು ಕೇಳಿದಳು.

“ಮಾವಾರ, ನೀವ ಹೇಳ್ರಿ. ಮನ್ಯಾಗ ಏನರ ವಾಸನಿ ಬರಾಕತ್ತೈತೇನ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಧರೆಪ್ಪನ ಕೈ ತಾನಾಗಿ ಮೂಗಿನ ತನಕ ಹೋಗಿ ಬಂತು. ಅವನು ರೊಟ್ಟಿ ಮುರಿದ, ಅಗಿದ, ನುಂಗಿದ.

“ಇಲ್ಲಲ್ಲಾ. ಎಂಥಾ ವಾಸನಿ?”

ಮನೀಷಾ ಸೌಟು ಹಿಡಿದವಳು ಹಾಗೇ ನಿಂತಳು. ಸಂಜಯ ತನ್ನ ಅಂಗಿಯನ್ನು ಮೂಸಿ ನೋಡಿಕೊಂಡ. ಸೀಮಾಳ ಮುಖ ಅರಳಿತು. ಶಿವಗಂಗವ್ವ ಮಾತ್ರ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಈಗ ನಿಜ ಹೇಳಿಬಿಡುತ್ತೇನೆ. ಧರೆಪ್ಪನಿಗೆ ಮೂಗು ಇರಲಿಲ್ಲ. ಮುಖದ ಮೇಲೆ ಇತ್ತು, ಕೆಲಸ ಮಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೆಲ್ಲ ಕಟ್ಟಿಕೊಂಡು ಹೋಯಿತು. ಚಿಕ್ಕೋಡಿಗೆ ಹೋಗಿ ಯಾರಿಗೂ ತಿಳಿಯದ ಹಾಗೆ ಡಾಕ್ಟರಿಗೆ ತೋರಿಸಿದ. ಮೂರು ತಿಂಗಳಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಅಥಣಿಯ ಡಾಕ್ಟರು, ವಯಸ್ಸಾಯಿತಲ್ಲ ಅಜ್ಜಾ ಎಂದರು. ಅದಕ್ಕೆ ಅವನು ಫೀಜು ಕೊಡದೆ ಎದ್ದು ಬಂದ.

ಆಮೇಲಿನ ಎರಡು ಸೀಜನ್ನು ಅವನು ಕೈಯಿಂದ ದಾಟಿಸಿದ್ದ. ಎಲೆ ಹಿಂಡಿದರೆ ಆಗುವ ಸದ್ದು, ಹೆಬ್ಬೆರಳಿಗೆ ಹತ್ತುವ ಅಂಟು, ಬಣ್ಣ, ಇವಿಷ್ಟರಿಂದ ಹತ್ತರಲ್ಲಿ ಏಳು ಪಾಲು ಗೊತ್ತಾಗುತ್ತಿತ್ತು. ಉಳಿದ ಮೂರು ಪಾಲಿಗೆ ಒಂದು ಉಪಾಯ ಕಂಡುಕೊಂಡಿದ್ದ. ತಂಬಾಕನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ ಸುಮ್ಮನೆ ಕೂತುಬಿಡುವುದು. ಐದು ನಿಮಿಷ ಆದರೆ ರೈತ ತಾನೇ, ಒಂದೇ ಒಂದು ಸಲ ಮಳೆ ಹನಿ ಬಿದ್ದಿತ್ತು ಎಂದು ಒಪ್ಪಿಕೊಳ್ಳುತ್ತಿದ್ದ. ಧರೆಪ್ಪ ಆಗ ಕಣ್ಣು ತೆರೆದು, ಅದನ್ನೇ ನೋಡುತ್ತಿದ್ದೆ ಎನ್ನುತ್ತಿದ್ದ.

ಆದರೆ ಒಂದಲ್ಲ ಒಂದು ದಿನ ಯಾರಿಗಾದರೂ ಅನ್ಯಾಯ ಆಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಆ ಹೆದರಿಕೆ ಅವನನ್ನು ತಿನ್ನುತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಈ ಮೂಗು ಹೋಯಿತು ಎಂದು ಗೊತ್ತಾದರೆ ವಖಾರದ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ತಾನು ಮೂರನೆಯ ಮಹಡಿಯಲ್ಲಿ ಟಿವಿ ರಿಮೋಟು ಹಿಡಿದು ಕೂರುವ ಇನ್ನೊಬ್ಬ ಮುದುಕ, ಅಷ್ಟೇ.

ಧರೆಪ್ಪ ಇಲ್ಲ ಎಂದಮೇಲೆ ಮನೆಯಲ್ಲಿ ವಾಸನೆ ಇಲ್ಲ ಎಂದೇ ಆಯಿತು. ಮನೀಷಾ ತನ್ನ ಮೂಗನ್ನೇ ಅನುಮಾನಿಸಿ ಎರಡು ದಿನ ಬಿಸಿನೀರಿನ ಆವಿ ತೆಗೆದುಕೊಂಡಳು. ಮೂರನೆಯ ದಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರೂಪೇಶ ಬಾಗಿಲು ತಟ್ಟಿದ. ಮೊದಲ ಮಹಡಿಯವರು ದೂರು ಕೊಟ್ಟಿದ್ದಾರೆ, ಪ್ರಾಣಿಗಳನ್ನು ತೆಗೆಯಿರಿ ಎಂದ. ಧರೆಪ್ಪ ಬಾಗಿಲಲ್ಲಿ ನಿಂತು ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡು, ನಮ್ಮ ಮನೆಯದಲ್ಲ, ನಿಮ್ಮ ಗಟಾರದ ಪೈಪಿನದು ಎಂದು ತೀರ್ಪು ಕೊಟ್ಟ. ಆ ಮೂಗಿನ ಮಾತು ಮೀರುವುದು ಹೇಗೆ. ರೂಪೇಶ ಪ್ಲಂಬರನ್ನು ಕರೆಸಿ ಗಟಾರ ಬಿಚ್ಚಿಸಿದ. ಎರಡು ದಿನ ಇಡೀ ಕಟ್ಟಡ ನಿಜವಾಗಿಯೂ ನಾತ ಹೊಡೆಯಿತು. ಗಟಾರ ಮುಚ್ಚಿದ ಮೇಲೆ ಉಳಿದ ಫೆರೆಟ್ ವಾಸನೆ ಎಲ್ಲರಿಗೂ ಊದುಬತ್ತಿಯ ಹಾಗೆ ಅನಿಸಿ, ಎಷ್ಟೋ ಸುಧಾರಿಸಿತು ಎಂದು ಧರೆಪ್ಪನಿಗೆ ಕೃತಜ್ಞತೆ ಹೇಳಿದರು.

ಸಂಕ್ರಾಂತಿ ಕಳೆಯಿತು. ಶೇಠ ಹೊಸ ಸೀಜನ್ನಿನ ಮೊದಲ ಮಾದರಿ ಕೊಟ್ಟು ಕಳಿಸಿದ. ಭೋಜದ ಮಾಳೇಶ ಎಂಬ ರೈತನ ದೊಡ್ಡ ಬೆಳೆ, ಒಂದು ಬಟ್ಟೆ ಚೀಲದಲ್ಲಿ ಅದರ ನಾಲ್ಕು ಹಿಡಿ ತಂಬಾಕು. ಮೊದಲೆಲ್ಲ ಧರೆಪ್ಪ ವಖಾರದಲ್ಲೇ ನಿಂತ ಕಾಲಲ್ಲಿ ಹೇಳಿಬಿಡುತ್ತಿದ್ದ. ಈಗ ಮನೆಗೆ ತಂದು, ಯಾರೂ ಇಲ್ಲದಾಗ ಕೈಯಲ್ಲಿ ಹಿಂಡಿ ಹಿಂಡಿ ನೋಡುವುದು ರೂಢಿ. ನೋಡಿದ. ಎಲೆ ಚೆನ್ನಾಗಿತ್ತು. ಚೀಲ ಕಟ್ಟಿ ಮಂಚದ ಕೆಳಗಿಟ್ಟ.

ಶೇಂಗಾ ಮತ್ತು ಬೆಲ್ಲ ಅದನ್ನು ಕಪಾಟಿನ ಹಿಂದಕ್ಕೆ ಎಳೆದುಕೊಂಡು ಹೋದವು. ಮೆತ್ತನೆಯ ಬಟ್ಟೆ ಚೀಲ, ಒಳಗೆ ಒಣ ಎಲೆ, ಇದಕ್ಕಿಂತ ಒಳ್ಳೆಯ ಗಾದಿ ಅವಕ್ಕೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾಲ್ಕು ದಿನ ಅದರ ಮೇಲೆ ಮಲಗಿದವು. ಮಲಗಿದ್ದಲ್ಲದೆ ಬೇರೆ ಕೆಲಸವನ್ನೂ ಅಲ್ಲೇ ಮುಗಿಸಿದವು. ಐದನೆಯ ಬೆಳಿಗ್ಗೆ ಧರೆಪ್ಪ ಚೀಲ ಹುಡುಕತೊಡಗಿದಾಗ ಸೀಮಾ ಕಪಾಟಿನ ಹಿಂದೆ ಕೈ ಹಾಕಿ ತೆಗೆದಳು. ಮೂಗಿನ ಹತ್ತಿರ ತಂದವಳ ಕಣ್ಣಲ್ಲಿ ನೀರು ಬಂತು. ಹೇಳಿದರೆ ಪಂಜರ ಇವತ್ತೇ ಮನೆ ಬಿಡುತ್ತದೆ. ಬಿಸಿಲಿಗೆ ಹತ್ತು ನಿಮಿಷ ಇಟ್ಟಳು, ಕೊಡವಿದಳು. ಅಜ್ಜನಿಗೇ ಬರದ ವಾಸನೆ ಶೇಠನಿಗೆ ಎಲ್ಲಿಂದ ಬಂದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿ ಅಜ್ಜನ ಕೈಗೆ ಕೊಟ್ಟಳು.

ವಖಾರದಲ್ಲಿ ಹನ್ನೆರಡು ಹದಿಮೂರು ರೈತರು ಕೂತಿದ್ದರು. ಮಾಳೇಶ ಮುಂದೆಯೇ ಇದ್ದ. ಧರೆಪ್ಪ ಕುರ್ಚಿಯಲ್ಲಿ ಕೂತು, ಚೀಲ ಬಿಚ್ಚಿ, ತುಂಬ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದ. ಕಣ್ಣು ಮುಚ್ಚಿ, ಊರಿಗೆಲ್ಲ ಗೊತ್ತಿರುವ ಆ ದೀರ್ಘ ಉಸಿರು ಎಳೆದ.

“ಫಸ್ಟ್ ಕ್ಲಾಸ್,” ಎಂದ. “ಇಂಥಾ ಸ್ವಚ್ಛ ಪರಿಮಳದ ಮಾಲ ಐದ ವರ್ಷದಾಗ ನೋಡಿಲ್ಲ.”

ಶೇಠ ಖುಷಿಯಿಂದ ಹಿಡಿಯನ್ನು ಇಸಿದುಕೊಂಡು ತಾನೂ ಮೂಸಿದ. ಆಮೇಲೆ ಬಹಳ ಹೊತ್ತು ಕೆಮ್ಮಿದ. ಪಕ್ಕದ ಹಮಾಲ ಏನಾಯಿತೆಂದು ಬಗ್ಗಿ ನೋಡಿ ಬಾಗಿಲ ಕಡೆ ನಡೆದ. ಮಾಳೇಶ ಎದ್ದು ಬಂದು ತನ್ನ ಮಾಲನ್ನು ತಾನೇ ಮೂಸಿ, ಕೈ ಮುಗಿದು, “ಶೇಟರ, ಇದ ನಂದಲ್ರಿ,” ಎಂದ. ಫಸ್ಟ್ ಕ್ಲಾಸ್ ಎನಿಸಿಕೊಂಡ ಬೆಳೆಯನ್ನು ಬೆಳೆದವನೇ ನನ್ನದಲ್ಲ ಎಂದದ್ದು ನಿಪ್ಪಾಣಿಯ ಪೇಟೆಯಲ್ಲಿ ಅದೇ ಮೊದಲು.

ಜ್ಞಾನದೇವ ಶೇಠ ಜಾಣ, ಒಳ್ಳೆಯವನೂ ಹೌದು. ಚೀಲ ಎಲ್ಲೋ ಕೆಟ್ಟಿದೆ ಎಂದು ರೈತರನ್ನೆಲ್ಲ ಚಹಾಕ್ಕೆ ಕಳಿಸಿ, ಕುರ್ಚಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ.

“ಎಷ್ಟ ದಿನಾ ಆತ್ರಿ, ಧರೆಪ್ಪಣ್ಣಾ?”

“ಎರಡ ವರ್ಷ,” ಎಂದ ಧರೆಪ್ಪ.

ಶೇಠ ಬೈಯಲಿಲ್ಲ. ಈ ಸೀಜನ್ನು ಮನೆಯಲ್ಲಿ ಆರಾಮ ತೆಗೆದುಕೊಳ್ಳಿ, ಆರೋಗ್ಯ ಸರಿ ಇಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ ಎಂದು ತನ್ನ ಕಾರಿನಲ್ಲಿ ಕಳಿಸಿದ. ನಲವತ್ತು ವರ್ಷ ನಡೆದು ಬಂದವನನ್ನು ಕಾರಿನಲ್ಲಿ ಕಳಿಸಿದರೆ ಅದರ ಅರ್ಥ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಧರೆಪ್ಪನಿಗೆ ಆ ಕಾರಿನಲ್ಲಿ ಅಳು ಬಂತು.

ಮಧ್ಯಾಹ್ನದ ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಇತ್ತು. ಯಾರೂ ಸರಿಯಾಗಿ ಉಣ್ಣಲಿಲ್ಲ. ಧರೆಪ್ಪ ಎಲ್ಲವನ್ನೂ ತಾನೇ ಹೇಳಿದ. ಸೀಮಾ ಅತ್ತು, ಚೀಲದ ವಿಷಯ ಒಪ್ಪಿಕೊಂಡಳು. ಸಂಜಯ ಬೆಳಗಾವಿಗೆ ದೊಡ್ಡ ಡಾಕ್ಟರ ಹತ್ತಿರ ಹೋಗೋಣ ಎಂದ. ಮನೀಷಾ, “ಅಂದ್ರ ನನ್ನ ಮೂಗ ನೆಟ್ಟಗ ಐತಿ,” ಎಂದಳು. ಅವಳ ಧ್ವನಿಯಲ್ಲಿ ಗೆದ್ದ ಖುಷಿ ಇರಬೇಕಾಗಿತ್ತು, ಮಾವನ ಮುಖ ನೋಡಿ ಅದು ಅರ್ಧಕ್ಕೇ ನಿಂತಿತು.

“ನನಗ ಮೊದಲಿಂದ ಗೊತ್ತಿತ್ತ,” ಎಂದಳು ಶಿವಗಂಗವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

“ಒಲಿ ಮ್ಯಾಲ ಹಾಲು ಸುಟ್ಟ ಕರ್ರಗಾಗಿತ್ತ. ನೀವು ಎರಡ ಮೊಳಾ ದೂರ ಕುಂತ ಪೇಪರ ಓದಾಕತ್ತಿದ್ರಿ. ಅವತ್ತ ತಿಳೀತು.”

“ಎರಡ ವರ್ಷ ಸುಮ್ಮನಿದ್ದೆಲ್ಲ ನೀ. ಯಾಕ ಹೇಳ್ಲಿಲ್ಲ?”

“ಹೇಳಿದ್ರ ವಖಾರಕ್ಕ ಹೋಗೂದ ಬಿಡತಿದ್ರಿ. ದಿನಾ ಮನ್ಯಾಗ ಕುಂತ ನನ್ನ ಒಗ್ಗರಣಿಗೆ ತಪ್ಪ ಹುಡುಕತಿದ್ರಿ. ನಂದೂ ಜೀವಾ ಅಲ್ಲೇನು.”

ಫೆರೆಟ್‌ಗಳ ವಿಚಾರಣೆ ಮರುದಿನ ನಡೆಯಿತು. ಸುಳ್ಳು ತೀರ್ಪಿನ ಮೇಲೆ ಉಳಿದಿದ್ದ ಪ್ರಾಣಿಗಳು, ಇನ್ನು ಹೋಗಲೇಬೇಕು ಎಂದು ಸೀಮಾ ಆಗಲೇ ಅವುಗಳ ಹಾಸಿಗೆ ಮಡಚಿಟ್ಟಿದ್ದಳು. ಮನೀಷಾ ಅದನ್ನು ನೋಡಿದಳು. ಮಗಳ ಊದಿದ ಕಣ್ಣು ನೋಡಿದಳು. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಮಾವನನ್ನೂ ನೋಡಿದಳು. ಟೀಚರಲ್ಲವೇ, ಒಂದೇ ಪೆಟ್ಟಿಗೆ ಮೂರನ್ನೂ ಸುಧಾರಿಸುವ ದಾರಿ ಹೊಳೆಯಿತು.

“ಇರಲಿ ಅವು. ಆದ್ರ ಪಂಜರಾ ತೊಳಿಯೂದು, ಹಾಸಿಗಿ ಒಗಿಯೂದು ಮಾವಾರ ಪಾಲಿಗೆ. ಅವರಿಗೆ ವಾಸನಿ ಬರೂದಿಲ್ಲಂದ್ರ ತ್ರಾಸರ ಏನೈತ್ರಿ?”

ಸಂಜಯ ಗಾಬರಿಯಾಗಿ, ಅಪ್ಪನಿಗೆ ಇಂಥ ಕೆಲಸ ಹೇಳುವುದೇ ಎಂದು ಹೆಂಡತಿಯ ಕಡೆ ಕಣ್ಣು ಬಿಟ್ಟ. ಧರೆಪ್ಪ ಎದ್ದು ಹೋಗಿ ಬಕೆಟ್ಟು ತಂದ.

ಅವನು ಪಂಜರವನ್ನು ದಿನಕ್ಕೆ ಮೂರು ಸಲ ತೊಳೆದ. ವಾಸನೆ ಕಾಲು ಭಾಗಕ್ಕೆ ಇಳಿಯಿತು. ರೂಪೇಶ ಬಂದು ಮೂಸಿ ನೋಡಿ, ಗಟಾರದ ಖರ್ಚಿನ ಮಾತು ಎತ್ತದೆ ಹೋದ. ಮನೆಯಲ್ಲಿ ಶಾಂತಿ ಬಂತು, ಆದರೆ ಯಾರಿಗೂ ಬೇಡವಾದ ಶಾಂತಿ. ಧರೆಪ್ಪ ಮೂರು ರೊಟ್ಟಿ ತಿನ್ನುವವನು ಒಂದಕ್ಕೆ ಬಂದ. ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತ ದಿನವೂ ಒಂದು ಮಾತು ಅನ್ನಲಿಲ್ಲ. ರೈತರ ಫೋನು ಬಂದರೆ ಅಜ್ಜ ಮುಗಳಖೋಡಕ್ಕೆ ಹೋಗ್ಯಾನ ಎಂದು ಸೀಮಾಳಿಂದ ಹೇಳಿಸಿದ, ಹೇಳಿಸುವಾಗ ಅವಳ ಪಕ್ಕದಲ್ಲೇ ಕೂತು ಬೆಲ್ಲನ ಉಗುರು ಕತ್ತರಿಸುತ್ತಿದ್ದ. ಕಮರುನ್ನಿಸಾಳ ತಮ್ಮ ಗುಡುಸಾಬ ಅದೇ ವಖಾರದ ಹಮಾಲ. ಶೇಠ ಕೊಲ್ಹಾಪುರದಿಂದ ಒಂದು ಯಂತ್ರ ತರಿಸಿದ್ದಾನೆ, ಅದು ತಂಬಾಕಿನಲ್ಲಿ ನೀರೆಷ್ಟಿದೆ ಎಂದು ಹೇಳುತ್ತದೆ, ಬೇರೇನೂ ಹೇಳುವುದಿಲ್ಲ, ಆಗಲೇ ಎರಡು ಸಲ ಕೆಟ್ಟ ಮಾಲು ಕೊಂಡು ಕೈ ಸುಟ್ಟುಕೊಂಡಿದ್ದಾನೆ ಎಂಬ ಸುದ್ದಿ ಅವನಿಂದ ಬಂತು. ಧರೆಪ್ಪ ಕೇಳಿಸದವನ ಹಾಗೆ ಪಂಜರ ಉಜ್ಜಿದ.

ಶಿವಗಂಗವ್ವ ಒಂಬತ್ತು ದಿನ ನೋಡಿದಳು. ಒಗ್ಗರಣೆಗೆ ತಪ್ಪು ಹುಡುಕುವ ಗಂಡನನ್ನು ತಾಳಿಕೊಳ್ಳಬಹುದು, ತಪ್ಪೇ ಹುಡುಕದ ಗಂಡನನ್ನು ತಾಳಿಕೊಳ್ಳುವುದು ಅವಳಿಂದ ಆಗಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

“ಏಳ್ರಿ, ವಖಾರಕ್ಕ ಹೋಗೂಣು.”

“ಯಾವ ಮಾರಿ ತಗೊಂಡ ಬರಲಿ ಅಲ್ಲಿಗೆ?”

“ನಿಮ್ಮ ಮಾರಿ ತಗೊಂಡ ಬರ್ರಿ ಸಾಕು. ಮೂಗ ನಾ ತರತೀನಿ.”

ಧರೆಪ್ಪನಿಗೆ ಆಮೇಲೆ ನೆನಪಾದದ್ದು ಇದು. ಭೋಜದಿಂದ ನಿಪ್ಪಾಣಿಗೆ ಬಂದ ಹೊಸದರಲ್ಲಿ ಹೆಂಡತಿ ಬೀಡಿ ಕಟ್ಟಲು ಕೂತವಳು ಇಪ್ಪತ್ತೆರಡು ವರ್ಷ ಕಟ್ಟಿದ್ದಳು. ದಿನಕ್ಕೆ ಸಾವಿರ ಬೀಡಿ. ಮೊರದಲ್ಲಿ ತಂಬಾಕು ಸುರಿದ ಕೂಡಲೇ ಬೀಡಿ ಕಟ್ಟುವ ಹೆಂಗಸರು ಇದು ಕೆಮ್ಮು ತರಿಸುತ್ತದೆ, ಇದು ಬೂಸ್ಟು ಹಿಡಿದದ್ದು ಎಂದು ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಅವರನ್ನು ಯಾರೂ ಕೇಳುತ್ತಿರಲಿಲ್ಲ.

“ನಿನಗ ತಂಬಾಕಿಂದ ಇಷ್ಟ ಗೊತ್ತೈತಿ ಅಂತ ಒಂದಿನಾನೂ ಹೇಳ್ಲಿಲ್ಲ,” ಎಂದ ದಾರಿಯಲ್ಲಿ.

“ನೀವ ಒಂದಿನಾನೂ ಕೇಳ್ಲಿಲ್ಲ,” ಎಂದಳು ಅವಳು, ನಡೆಯುವುದನ್ನು ನಿಲ್ಲಿಸದೆ.

ಇಬ್ಬರನ್ನೂ ಒಟ್ಟಿಗೆ ಕಂಡು ಜ್ಞಾನದೇವ ಶೇಠ ಮುಜುಗರಪಟ್ಟ. ಚಹಾ ತರಿಸಿದ. ಆ ತಕ್ಕಡಿಯ ಹತ್ತಿರ ಹೆಂಗಸರು ಕಸ ಗುಡಿಸಲು ಬಂದದ್ದು ಬಿಟ್ಟರೆ ಬೇರೆ ಕಾರಣಕ್ಕೆ ಬಂದದ್ದಿಲ್ಲ. ಅವತ್ತು ಮಾಳೇಶನ ಬೆಳೆಯೇ ಪೂರ್ತಿ ಬಂದು ಸಾಲಾಗಿ ನಿಂತಿತ್ತು. ಯಂತ್ರ ಏನೋ ಅಂಕಿ ತೋರಿಸಿತ್ತು, ಶೇಠನಿಗೆ ಧೈರ್ಯ ಬಂದಿರಲಿಲ್ಲ. ಶಿವಗಂಗವ್ವ ಚಹಾದ ಕಪ್ಪು ಬದಿಗಿಟ್ಟು, ನಮ್ಮಿಬ್ಬರಿಗೂ ಒಂದು ಸಲ ನೋಡಲು ಬಿಡಿ, ಸರಿ ಅನಿಸದಿದ್ದರೆ ನಡೆದೇ ಮನೆಗೆ ಹೋಗುತ್ತೇವೆ, ಕಾರು ಬೇಡ ಎಂದಳು.

ಮೊದಲ ಎರಡು ಚೀಲಕ್ಕೆ ಧರೆಪ್ಪನ ಕೈ ಒಳ್ಳೆಯದು ಎಂದಿತು, ಅವಳ ಮೂಗೂ ಒಳ್ಳೆಯದು ಎಂದಿತು. ರೈತರು ಒಬ್ಬೊಬ್ಬರಾಗಿ ಸುತ್ತ ಸೇರಿದರು. ಮೂರನೆಯ ಚೀಲಕ್ಕೆ ಬರುವ ಹೊತ್ತಿಗೆ ಧರೆಪ್ಪನ ಬೆನ್ನು ನೆಟ್ಟಗಾಗಿತ್ತು. ಮೊಣಕೈ ತನಕ ಕೈ ಇಳಿಸಿ ಒಂದು ಹಿಡಿ ತೆಗೆದು, ಹಿಂಡಿ, ಸದ್ದು ಕೇಳಿ, ಹಳೆಯ ಗಟ್ಟಿ ಧ್ವನಿಯಲ್ಲಿ, “ಛಲೋ ಒಣಗೈತಿ. ಫಸ್ಟ್ ಕ್ಲಾಸ್,” ಎಂದ.

ಶಿವಗಂಗವ್ವ ಚೀಲದ ಬಾಯಿಗೆ ಬಗ್ಗಿದಳು. ಸೆರಗು ಸರಿಪಡಿಸಿಕೊಂಡು ಇನ್ನೊಮ್ಮೆ ಬಗ್ಗಿದಳು.

“ಇಲ್ಲ,” ಎಂದಳು. “ತಳದಾಗ ಬೂಸ್ಟ ಹಿಡದೈತಿ.”

ಮಾಳೇಶನ ಮುಖ ಕೆಂಪಗಾಯಿತು. “ಅಕ್ಕಾರ, ಧರೆಪ್ಪಣ್ಣಾರ ಛಲೋ ಐತಿ ಅಂದ್ರಲ್ರಿ. ಅವರಕಿಂತ ನಿಮಗ ಹೆಚ್ಚ ತಿಳೀತೈತೇನ್ರಿ?”

ಎಲ್ಲರೂ ಧರೆಪ್ಪನ ಕಡೆ ನೋಡಿದರು. ಆಕೆಗೆ ತಿಳಿಯುವುದಿಲ್ಲ ಎಂದು ಒಂದು ಮಾತು ಅಂದರೆ ಸಾಕಿತ್ತು.  ಆರೋಗ್ಯ ಸರಿ ಇಲ್ಲ ಎಂಬ ಶೇಠನ ಮಾತನ್ನು ರೈತರು ನಂಬಿದ್ದರು, ಶೇಠನೂ ಮಾನ ಕಾಯುವವನು, ನಲವತ್ತು ವರ್ಷದ ಹೆಸರು ಹಾಗೆಯೇ ಉಳಿಯುತ್ತಿತ್ತು. ಧರೆಪ್ಪ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಚೀಲವನ್ನೇ ನೋಡುತ್ತಿದ್ದಳು. ತನ್ನ ಮಾತಿನ ಮೇಲೆ ಅವಳಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ.

“ನನ್ನ ಮೂಗ ಹೋಗಿ ಎರಡ ವರ್ಷ ಆತು,” ಎಂದ ಧರೆಪ್ಪ. “ನಿಮಗೆಲ್ಲಾರಿಗೂ ಸುಳ್ಳ ಹೇಳೀನಿ. ಕೈಲೆ ತಿಳಿಯೂದಷ್ಟ ನಾ ಹೇಳತೀನಿ. ವಾಸನಿ ಆಕಿದು. ಚೀಲಾ ಸುರುವ್ರಿ.”

ಗುಡುಸಾಬ ಚೀಲ ಹೊತ್ತು ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಸುರಿದ. ಮೇಲೆಲ್ಲ ಬಂಗಾರದ ಬಣ್ಣದ ಎಲೆ, ತಳದಿಂದ ತೆಂಗಿನಕಾಯಿಯಷ್ಟು ದೊಡ್ಡ ಬಿಳಿ ಉಂಡೆಯೊಂದು ಉರುಳಿ ಬಂತು. ಮಾಳೇಶ ತಲೆ ಕೆರೆದುಕೊಂಡು, ಒಂದು ಚೀಲ ನಳದ ಹತ್ತಿರದ ಗೋಡೆಗೆ ತಾಗಿತ್ತು ಎಂದು ಒಪ್ಪಿಕೊಂಡ. ಶಿವಗಂಗವ್ವ ಉಳಿದ ಚೀಲಗಳನ್ನೂ ಒಂದೊಂದಾಗಿ ಮೂಸಿ, ಈ ಒಂದು ಬಿಟ್ಟು ಎಲ್ಲವೂ ಚೊಕ್ಕ ಇವೆ, ಇವನಿಗೆ ಪೂರ್ತಿ ದರ ಕೊಡಿ ಎಂದಳು. ಹಾಗೆಯೇ ಆಯಿತು.

ರೈತರಲ್ಲಿ ಇಬ್ಬರು ಹಿಂದಿನ ಎರಡು ಸೀಜನ್ನಿನ ದರ ನೆನಪಿಸಿಕೊಂಡು ಗೊಣಗಿದರು. ಧರೆಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ, ಅವರ ಮಾತು ಸುಳ್ಳಾಗಿರಲಿಲ್ಲ. ಶೇಠ ಒಳಗಿನಿಂದ ಇನ್ನೊಂದು ಕುರ್ಚಿ ತರಲು ಹೇಳಿದ. ಬಂದದ್ದು ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಧರೆಪ್ಪ ಅದರಲ್ಲಿ ತಾನು ಕೂತು, ತನ್ನದನ್ನು ಅವಳ ಕಡೆ ಸರಿಸಿದ.

ಮುಂದಿನ ರೈತ ಬಂದು ಅಭ್ಯಾಸಬಲದಿಂದ ಒಂದು ಹಿಡಿ ತಂಬಾಕನ್ನು ನೇರ ಧರೆಪ್ಪನ ಮೂಗಿನ ಹತ್ತಿರ ತಂದ. ಧರೆಪ್ಪ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದ.

“ಮೊದಲ ಅಕ್ಕಾರ ಕಡೆ ಹಿಡಿ.”

ರೈತ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದ. ಶಿವಗಂಗವ್ವ ತಲೆ ಹಿಂದಕ್ಕೆ ಎಳೆದುಕೊಂಡಳು.

“ಹಿಡಿಯಾಕಿಂತ ಮೊದಲ ಸ್ವಲ್ಪ ಹಿಂದ ಸರದ ನಿಂದರಪಾ,” ಎಂದಳು. “ಮುಂಜಾನಿ ಬಳ್ಳೊಳ್ಳಿ ಚಟ್ನಿ ತಿಂದ ಬಂದಿ.”